ಮಂಟಪ ಎದ್ದಿತು, ಕಲ್ಲೊಂದು ಉಳಿಯಿತು

ನದಿ ತಿರುಗುವ ಕಡೆ, ನೀರಿನ ಮೇಲೆ ಚಾಚಿಕೊಂಡ ಬಂಡೆಯ ನೆತ್ತಿಯಲ್ಲಿ ಆ ಗುಡಿ ಇದೆ. ಅದಕ್ಕೆ ಎಷ್ಟು ವರ್ಷವಾಯಿತು ಎಂದು ಕೇಳಿದರೆ ಅರ್ಚಕರು ಒಂದು ಲೆಕ್ಕ ಹೇಳುತ್ತಾರೆ, ಬಾಗಿಲ ಬಳಿಯ ಬೋರ್ಡು ಇನ್ನೊಂದು ಹೇಳುತ್ತದೆ, ಹೂವಿನಂಗಡಿಯವಳು ಎರಡನ್ನೂ ಕೂಡಿಸಿ ಹೇಳುತ್ತಾಳೆ. ಅಂತೂ ಹಳೆಯ ಗುಡಿ. ನದಿಯ ಕಡೆಗಿರುವ ಅದರ ಮಂಟಪ ಮಾತ್ರ ಕೆಲವು ವರ್ಷಗಳಿಂದ ನೀರಿನತ್ತ ವಾಲತೊಡಗಿತ್ತು. ಮೂಲೆಗಂಬದ ಬುಡ ಕುಸಿದಿತ್ತು. ಹೀಗೇ ಬಿಟ್ಟರೆ ಒಂದು ದಿನ ಮಂಟಪವೇ ಸ್ನಾನಕ್ಕೆ ಇಳಿದುಬಿಡುತ್ತದೆ ಎಂದು ದೊಡ್ಡವರಿಗೆಲ್ಲ ಮನವರಿಕೆಯಾದ ಮೇಲೆ, ಅದನ್ನು ಒಂದೊಂದೇ ಕಲ್ಲು ಬಿಚ್ಚಿ, ಬುಡ ಭದ್ರ ಮಾಡಿ, ಮತ್ತೆ ಇದ್ದ ಹಾಗೇ ಕಟ್ಟುವ ಕೆಲಸ ನಮ್ಮ ಮೇಸ್ತ್ರಿಯ ಪಾಲಿಗೆ ಬಂತು.

ಮೇಸ್ತ್ರಿಗೆ ಊರವರು ಇಟ್ಟ ಹೆಸರು ರಸಮಟ್ಟ. ಗಾಜಿನ ನಳಿಗೆಯೊಳಗೆ ಒಂದು ಗುಳ್ಳೆ ಅತ್ತಿತ್ತ ಓಡಾಡುವ ಆ ಪಟ್ಟಿಯನ್ನು ನೀವೂ ನೋಡಿರುತ್ತೀರಿ. ಗುಳ್ಳೆ ನಟ್ಟನಡುವೆ ನಿಂತರೆ ಜಾಗ ಸಮವಾಗಿದೆ ಎಂದರ್ಥ. ಬೇರೆ ಮೇಸ್ತ್ರಿಗಳು ಅದನ್ನು ಕೆಲಸದ ಹೊತ್ತಿನಲ್ಲಿ ಹೊರಗೆ ತೆಗೆಯುತ್ತಾರೆ. ಇವನು ಚಹಾದಂಗಡಿಯಲ್ಲಿ ಲೋಟ ಇಡುವ ಮೊದಲು ಮೇಜಿನ ಮೇಲೆ ಅದನ್ನಿಟ್ಟು ನೋಡುವವನು. ಯಾರದೇ ಮನೆಗೆ ಹೋದರೂ ಗೋಡೆಯ ಮೇಲಿನ ಫೋಟೋಗಳನ್ನು ಸರಿಪಡಿಸದೆ ಕೂರುತ್ತಿರಲಿಲ್ಲ. ಅವನ ಹೆಂಡತಿ ಇದನ್ನು ಬಂದವರಿಗೆಲ್ಲ ಹೇಳಿ ನಗುವುದು ವಾಡಿಕೆ.

"ಮೊದಲ್ನೇ ಸಲ ನಮ್ಮನೆಗೆ ಬಂದಾಗ ಇವರು ನನ್ನ ಮುಖಾನೇ ನೋಡ್ಲಿಲ್ಲ. ಬಾಗಿಲ ಚೌಕಟ್ಟು ನೋಡಿ, ಒಂದು ಬೆರಳು ಓರೆ ಇದೆ ಅಂದ್ರು. ನಮ್ಮಪ್ಪ ತಕ್ಷಣ ಒಪ್ಕೊಂಡ್ಬಿಟ್ರು. ಚೌಕಟ್ಟಿನ ಓರೆ ಕಂಡೋನಿಗೆ ಮಗಳ ಓರೆ ಕಾಣ್ಲಿಲ್ವಲ್ಲ, ಇನ್ನು ತಡ ಮಾಡಬಾರದು ಅಂತ!"

ಇಂಥವನಿಗೆ ಸಿಕ್ಕಿದ ಸಹಾಯಕ ಅದೇ ಹೆಂಡತಿಯ ತಮ್ಮ. ಮಂಟಪ ಬಿಚ್ಚುವ ಮೊದಲು ಪ್ರತಿ ಕಲ್ಲಿಗೂ ಬಿಳಿ ಬಣ್ಣದಲ್ಲಿ ಗುರುತು ಬರೆಯುವುದು ಬಾಮೈದನ ಕೆಲಸ: ಯಾವ ದಿಕ್ಕು, ಯಾವ ಕಂಬ, ಎಷ್ಟನೆಯ ವರಸೆ. ಮೊದಲ ದಿನವೇ ಅವನು ಒಂದು ಬೋದಿಗೆಗೆ, ಅಂದರೆ ಕಂಬದ ತಲೆಯ ಮೇಲೆ ಕೂರುವ ಕಲ್ಲಿಗೆ, ಗುರುತು ಹಾಕುವುದನ್ನು ಮರೆತ. ಮೇಸ್ತ್ರಿ ಎಲ್ಲರೆದುರೇ ಅವನ ಬೆವರಿಳಿಸಿದ.

"ಕಣ್ಣಿಗೆ ಬಿದ್ದ ಪ್ರತಿ ಕಲ್ಲಿಗೂ ಗುರುತು ಹಾಕು ಅಂದ್ನಲ್ಲೋ! ಕಣ್ಣು ಇರೋದು ಯಾಕೆ, ಹುಬ್ಬಿಗೆ ಕೆಳಗಡೆ ಏನಾದ್ರೂ ಇರ್ಲಿ ಅಂತಾನಾ?"

ಅಂದಿನಿಂದ ಬಾಮೈದ ಕಣ್ಣಿಗೆ ಬಿದ್ದ ಪ್ರತಿ ಕಲ್ಲಿಗೂ ಗುರುತು ಹಾಕಿದ. ಬಣ್ಣದ ಡಬ್ಬಿಯ ಹತ್ತಿರ ಮಲಗಿದ್ದ ನಾಯಿ ಕೂಡ ಎರಡು ದಿನ ಬಾಲದ ಮೇಲೆ ಒಂದು ಅಕ್ಷರ ಹೊತ್ತು ತಿರುಗಿತು.

ಆ ಮಂಟಪದಲ್ಲಿ ಕಲ್ಲಿನಷ್ಟೇ ಖಾಯಂ ಆಗಿದ್ದ ಇನ್ನೊಬ್ಬಳಿದ್ದಳು, ಅರ್ಚಕರ ತಾಯಿ. ವಯಸ್ಸು ಎಂಬತ್ತು ದಾಟಿದ್ದರೂ ನಾಲಿಗೆಗೆ ಮಾತ್ರ ಇಪ್ಪತ್ತು. ಬೆಳಗೂ ಸಂಜೆಯೂ ಮೂಲೆಗಂಬಕ್ಕೆ ಒರಗಿ, ಸೀರೆ ಹರಡಿಕೊಂಡು, ನದಿ ನೋಡುತ್ತ ಕೂರುತ್ತಿದ್ದಳು. ಕೆಲಸದ ಮೇಲ್ವಿಚಾರಣೆಗೆ ಬಂದ ಇಂಜಿನಿಯರಮ್ಮ ಬಿಚ್ಚುವ ಮೊದಲು ಎಲ್ಲ ಮೂಲೆಗಳ ಫೋಟೋ ತೆಗೆಯುತ್ತಿದ್ದಾಗ, "ಅಜ್ಜಿ, ಒಂಚೂರು ಏಳ್ತೀರಾ?" ಎಂದು ಕೇಳಿದ್ದಳು.

"ಯಾಕೆ ಏಳ್ಬೇಕು? ಹಳೇದನ್ನೆಲ್ಲ ಫೋಟೋ ತೆಗೀತಿದ್ದೀಯ ತಾನೇ? ನಾನೂ ಹಳೇದೇ. ತೆಗಿ."

ಆಮೇಲೆ ಮಂಟಪ ಬಿಚ್ಚಿದರು. ಅಂಗಳದಲ್ಲಿ ಕಲ್ಲುಗಳು ಟಾರ್ಪಾಲಿನ ಕೆಳಗೆ ಮಲಗಿದವು. ಕೂರಲು ಜಾಗವಿಲ್ಲದ ಅಜ್ಜಿ ಗುಡಿಯ ಪಕ್ಕದ ಬಾಗಿಲ ಹೊಸ್ತಿಲ ಬಳಿ ನೆಲದ ಮೇಲೆ ಕೂತು, ಮಂಡಿ ಒತ್ತಿಕೊಳ್ಳುತ್ತ, ಮೇಸ್ತ್ರಿ ಕಂಡಾಗಲೆಲ್ಲ ಒಂದೇ ರಾಗ ಹಾಡುತ್ತಿದ್ದಳು.

"ಏನಪ್ಪಾ ರಸಮಟ್ಟ, ನನ್ನ ಜಾಗ ಯಾವಾಗ ಕೊಡ್ತೀಯ?"

ಮೇಸ್ತ್ರಿ ಎದೆಯುಬ್ಬಿಸುತ್ತಿದ್ದ. "ಅಜ್ಜಿ, ನನ್ನ ಕೈ ಮುಟ್ಟಿದ ಪ್ರತಿ ಕಲ್ಲೂ ಅದರದರ ಜಾಗಕ್ಕೇ ಬರುತ್ತೆ. ಒಂದು ಕಲ್ಲು ಆಚೀಚೆ ಆದ್ರೆ ಈ ಮೀಸೆ ಬೋಳಿಸ್ತೀನಿ."

ಈ ಮಾತನ್ನು ಅವನು ಅಜ್ಜಿಗೆ ಮಾತ್ರ ಹೇಳಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಹೂವಿನಂಗಡಿಯಲ್ಲಿ ಹೇಳಿದ, ಚಹಾದಂಗಡಿಯಲ್ಲಿ ಹೇಳಿದ, ಇಂಜಿನಿಯರಮ್ಮನಿಗೆ ಹೇಳಿದ. ಆಕೆ ನಕ್ಕು, "ಹಾಗಾದ್ರೆ ನೋಡೋಣ ಮೇಸ್ತ್ರಿಗಳೇ. ಇದು ಸರಿಯಾಗಿ ಎದ್ರೆ ಗೋಪುರದ ಕೆಲಸಾನೂ ನಿಮಗೇ" ಎಂದಳು. ಗೋಪುರ! ಬಿರುಕು ಬಿಟ್ಟು ನಿಂತಿದ್ದ ಆ ಗೋಪುರವನ್ನು ಮೇಸ್ತ್ರಿ ಉಳಿ ಹಿಡಿದ ವಯಸ್ಸಿನಿಂದ ಕತ್ತೆತ್ತಿ ನೋಡುತ್ತ ಬಂದವನು. ಸಾಯುವ ಮುಂಚೆ ಒಂದು ಸಲ ಅದರ ತುದಿಗೆ ಕೈ ಹಚ್ಚಬೇಕು ಎಂಬುದು ಅವನ ಆಸೆ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಅಂದರೆ ಹೆಂಡತಿಗೆ ದಿನಾ ಹೇಳುತ್ತಿದ್ದ.

ಮಂಟಪ ಎದ್ದಿತು. ಚಾವಣಿಯ ಕೊನೆಯ ಚಪ್ಪಡಿ ಕೂತಾಗ ಕೆಲಸದವರೆಲ್ಲ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ರಸಮಟ್ಟ ಇಟ್ಟ. ಗುಳ್ಳೆ ನಟ್ಟನಡುವೆ ನಿಂತು ಅವನನ್ನೇ ನೋಡಿತು. ಅವನು ಮೀಸೆ ತಿರುವಿದ. ಆಗ ಅಂಗಳದ ಮೂಲೆಯಲ್ಲಿ ಟಾರ್ಪಾಲು ಮಡಚುತ್ತಿದ್ದ ಬಾಮೈದ ಕರೆದ.

"ಭಾವ."

"ಏನೋ?"

"ಏನಿಲ್ಲ ಭಾವ."

"ಏನಿಲ್ಲದಿದ್ರೆ ಯಾಕೋ ಕರೆದೆ?"

"ಒಂದು ಸಲ ಇಲ್ಲಿ ಬನ್ನಿ. ಮೆಲ್ಲಗೆ ಬನ್ನಿ. ನಗ್ತಾ ಬನ್ನಿ."

ಮೇಸ್ತ್ರಿ ನಗುತ್ತಲೇ ಹೋದ. ಟಾರ್ಪಾಲಿನ ಕೊನೆಯ ಮಡಿಕೆಯಡಿ ಒಂದು ಕಲ್ಲು ಇತ್ತು. ಮೊಣಕಾಲೆತ್ತರದ್ದು, ಒಂದು ಪಕ್ಕಕ್ಕೆ ಕಮಲದ ದಳ ಕೊರೆದದ್ದು, ಮೇಲ್ಭಾಗ ಸವೆದು ನುಣುಪಾದದ್ದು. ಅದರ ಮೇಲೆ ಬಾಮೈದನ ದುಂಡು ಅಕ್ಷರದಲ್ಲಿ ಬಿಳಿ ಬಣ್ಣದ ಗುರುತು: ನದಿ ಕಡೆ, ಮೂಲೆಗಂಬ, ಬುಡ.

ಮೇಸ್ತ್ರಿಯ ಮುಖದ ನಗು ಹಾಗೇ ಇತ್ತು, ತೆಗೆಯುವುದನ್ನು ಮರೆತಿದ್ದ. ನೇರ ಹೋಗಿ ಮೂಲೆಗಂಬದ ಬುಡ ನೋಡಿದ. ಕಲ್ಲಿಗೆ ಕಲ್ಲು ಕಚ್ಚಿ ಕೂತಿತ್ತು, ಸಂದಿಯಲ್ಲಿ ಚಾಕುವಿನ ಅಲಗೂ ತೂರುವಂತಿರಲಿಲ್ಲ. ಆದರೆ ಗುರುತು ಸುಳ್ಳು ಹೇಳುತ್ತದೆಯೇ? ಕುಸಿದದ್ದೂ ಅದೇ ಕಂಬ, ಕಲ್ಲು ಉಳಿದದ್ದೂ ಅದೇ ಕಂಬದ್ದು. ಎಲ್ಲೋ ಒಳಗೆ, ಕಣ್ಣಿಗೆ ಕಾಣದ ಕಡೆ, ಒಂದು ಕಲ್ಲಿನ ಬದಲು ಇನ್ನೊಂದನ್ನು ಇಟ್ಟುಬಿಟ್ಟಿದ್ದೇನೆ ಎಂದು ಅವನಿಗೆ ಖಾತ್ರಿಯಾಯಿತು.

"ನೀನೇ ಎಲ್ಲೋ ತಪ್ಪು ಗುರುತು ಹಾಕಿದ್ದೀಯ" ಎಂದು ಪಿಸುಗುಟ್ಟಿದ.

"ನಾನ್ಯಾಕೆ ಹಾಕ್ಲಿ ಭಾವ? ಅಲ್ಲಿತ್ತು, ಹಾಕ್ದೆ. ಕಣ್ಣಿಗೆ ಬಿದ್ದ ಪ್ರತಿ ಕಲ್ಲಿಗೂ..."

"ಬಾಯಿ ಮುಚ್ಚು."

ಇಬ್ಬರೂ ಸೇರಿ ಅದರ ಮೇಲೆ ಗೋಣಿಚೀಲ ಹೊದಿಸಿದರು. ಅಷ್ಟರಲ್ಲಿ ಹೂವಿನಂಗಡಿಯವಳು ಅತ್ತ ಹಾದು, "ಏನ್ ಮೇಸ್ತ್ರಿ, ಎಲ್ಲಾ ಮುಗೀತಾ?" ಎಂದು ಕೇಳಿದಳು. "ಏನೂ ಉಳಿದಿಲ್ಲ!" ಎಂದ ಮೇಸ್ತ್ರಿ. ಉಳಿದಿದೆಯಾ ಎಂದು ಅವಳೇನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ.

ಅಂದು ಸಂಜೆ ಮನೆಯಲ್ಲಿ ಊಟಕ್ಕೆ ಕೂತ ಮೇಸ್ತ್ರಿ ತಟ್ಟೆಯನ್ನು ಅತ್ತ ಸರಿಸಿದ್ದ. ಪಕ್ಕದಲ್ಲಿ ಇಂಜಿನಿಯರಮ್ಮ ಕೊಟ್ಟಿದ್ದ ಫೋಟೋಗಳನ್ನು ಹರಡಿಕೊಂಡಿದ್ದ. ಬೇರೆ ಮೂರು ಮೂಲೆಗಳೂ ಕನ್ನಡಿಯಂತೆ ಸ್ಪಷ್ಟವಾಗಿದ್ದವು. ನದಿ ಕಡೆಯ ಮೂಲೆಗಂಬದ ಬುಡ ಇರಬೇಕಾದ ಕಡೆ ಮಾತ್ರ ಅಜ್ಜಿ. ಒಂದರಲ್ಲಿ ಅಜ್ಜಿ ನದಿ ನೋಡುತ್ತಿದ್ದಾಳೆ, ಒಂದರಲ್ಲಿ ಕ್ಯಾಮೆರಾ ನೋಡುತ್ತಿದ್ದಾಳೆ, ಒಂದರಲ್ಲಿ ಆಕಳಿಸುತ್ತಿದ್ದಾಳೆ.

"ಎಲ್ಲಿ ನೋಡಿದ್ರೂ ಈ ಅಜ್ಜಿ ಅಡ್ಡ!" ಎಂದು ಅವನು ಫೋಟೋ ಎಸೆದ. "ಬೇಕಾದ ಜಾಗದಲ್ಲೇ ಸೀರೆ ಹರಡಿಕೊಂಡು ಕೂತವ್ಳೆ!"

ಹೆಂಡತಿಗೆ ವಿಷಯ ಆಗಲೇ ಗೊತ್ತಿತ್ತು. ತಮ್ಮ ಹಿತ್ತಿಲ ಬಾಗಿಲಿಂದ ಬಂದು ಹೇಳಿ, ಮುಂಬಾಗಿಲಿಂದ ಏನೂ ಗೊತ್ತಿಲ್ಲದವನಂತೆ ಬಂದು ಕೂತಿದ್ದ.

"ಒಂದು ಕಲ್ಲು ತಾನೇ ರೀ. ಮತ್ತೆ ಬಿಚ್ಚಿ ನೋಡಿ" ಎಂದಳು.

"ಬಿಚ್ಚೋಕೆ ಅದೇನು ದಿಂಬಿನ ಚೀಲಾನಾ? ಆ ಕಂಬ ಬಿಚ್ಚಬೇಕು ಅಂದ್ರೆ ಚಾವಣಿ ಇಳಿಸ್ಬೇಕು. ಎಲ್ಲಾ ಮೊದಲಿಂದ. ಗೋಪುರ ಕನಸಲ್ಲೂ ಬರಲ್ಲ ಆಮೇಲೆ. ಜನ ಏನಂತಾರೆ?"

"ಏನೂ ಅನ್ನಲ್ಲ, ನಗ್ತಾರೆ."

"ಅದೇ ಹೇಳ್ತಿರೋದು!"

"ಜನ ನಕ್ಕರೆ ಯಾರೂ ಸಾಯಲ್ಲ ರೀ. ಮಂಟಪ ಬಿದ್ರೆ ಸಾಯ್ತಾರೆ." ಅವಳು ಇದನ್ನು ನಗದೆ ಹೇಳಿದಳು. ಆಮೇಲೆ ಅವನ ಮುಖ ನೋಡಿ ಪಾಪ ಅನಿಸಿ, "ಮೀಸೆ ಬೋಳಿಸಿದ್ರೂ ನಾನೇನೂ ಮನೆ ಬಿಟ್ಟು ಹೋಗಲ್ಲ, ಊಟ ಮಾಡಿ" ಎಂದಳು.

ಬುದ್ಧಿಮಾತು ಕೇಳಿಸಿಕೊಂಡವರೆಲ್ಲ ಅದರಂತೆ ನಡೆಯುವುದಾಗಿದ್ದರೆ ಜಗತ್ತಿನಲ್ಲಿ ಕಥೆಗಳೇ ಇರುತ್ತಿರಲಿಲ್ಲ. ಮರುದಿನ ಮಧ್ಯಾಹ್ನ ಇಂಜಿನಿಯರಮ್ಮ ಬರುವವಳಿದ್ದಳು. ಕೆಲಸದವರು ಊಟಕ್ಕೆ ಹೋದ ಹೊತ್ತು ನೋಡಿ ಮೇಸ್ತ್ರಿ ಬಾಮೈದನಿಗೆ ಕಣ್ಸನ್ನೆ ಮಾಡಿದ. ಹಾರೆ ಕೊಟ್ಟು ಕಲ್ಲನ್ನು ತಳ್ಳುಗಾಡಿಗೆ ಹತ್ತಿಸಿದರು, ಮಂಟಪದ ಪಕ್ಕದಲ್ಲೇ ಹಾಯಿಸಿ, ಬಂಡೆ ನೇರವಾಗಿ ನೀರಿಗೆ ಇಳಿಯುವ ಅಂಚಿನವರೆಗೆ ತಂದರು. ಅಲ್ಲಿ ಅಂಚಿನುದ್ದಕ್ಕೂ ಇದ್ದ ಕಂಬಿಯ ಕಟಾಂಜನ ಮುರಿದು ಬಾಯಿಬಿಟ್ಟಿದ್ದ ಕಡೆ ಇಳಿಸಿದರು. ಕೆಳಗೆ ನದಿ ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ಒಂದು ಸಲ ನೂಕಿದರೆ ಮುಗಿಯಿತು, ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

"ತಳ್ಳೋಣ್ವಾ ಭಾವ?"

"ತಡಿ. ಉಸಿರು ತಗೋತೀನಿ."

"ನಿನ್ನೆಯಿಂದ ಉಸಿರೇ ತಗೋತಿದ್ದೀರಿ."

ಮೇಸ್ತ್ರಿಗೆ ಬೇಕಿದ್ದದ್ದು ಉಸಿರಲ್ಲ. ಕೈ ಕಲ್ಲಿನ ಮೇಲಿತ್ತು, ಆದರೆ ಮುಂದೆ ಹೋಗುತ್ತಿರಲಿಲ್ಲ. ಹುಟ್ಟಿದ ಮೇಲೆ ಒಂದು ಕಲ್ಲನ್ನೂ ಅವನು ಬಿಸಾಡಿದವನಲ್ಲ. ಹೀಗೆ ಅವನು ತನ್ನ ಕೈಯೊಂದಿಗೇ ಜಗಳವಾಡುತ್ತಿರುವಾಗ, ಪಕ್ಕದ ಬಾಗಿಲಿಂದ ಅಜ್ಜಿ ಬಂದಳು. ಗೋಣಿಚೀಲ ಎಲ್ಲೋ ಜಾರಿ ಬಿದ್ದಿತ್ತು. ಇವರಿಬ್ಬರ ನಡುವೆ ನುಸುಳಿ, ಕಲ್ಲಿನ ಮೇಲೆ ಕೂತು, ಸೀರೆ ಹರಡಿಕೊಂಡು, "ಅಬ್ಬಾ!" ಎಂದು ಉಸಿರುಬಿಟ್ಟಳು.

"ಅಂತೂ ಕೂರೋಕೆ ಕೊಟ್ಯಲ್ಲಪ್ಪ. ನಿನ್ನ ಹೊಟ್ಟೆ ತಣ್ಣಗಿರ್ಲಿ."

"ಅಜ್ಜಿ, ಏಳಿ" ಎಂದ ಮೇಸ್ತ್ರಿ, ಅಳುವ ದನಿಯಲ್ಲಿ. "ಒಂದೇ ಒಂದು ನಿಮಿಷ."

"ಏಳಲ್ಲ. ನೆಲದ ಮೇಲೆ ಕೂತೂ ಕೂತೂ ಮಂಡಿ ಮುರಿದು ಹೋಗಿದೆ. ಈಗ ಕೂತಿದ್ದೀನಿ, ದೇವರೇ ಬಂದು ಹೇಳಿದ್ರೂ ಏಳಲ್ಲ."

ಬಾಮೈದ ಆಕಾಶ ನೋಡಿದ. ಮೇಸ್ತ್ರಿ ದಾರಿ ನೋಡಿದ. ದಾರಿಯಲ್ಲಿ ಇಂಜಿನಿಯರಮ್ಮ ಬರುತ್ತಿದ್ದಳು.

ಆಕೆ ಮಂಟಪವನ್ನು ಸುತ್ತಿದಳು. ಕಂಬ ತಟ್ಟಿದಳು, ಬಗ್ಗಿ ಸಂದಿ ನೋಡಿದಳು, ತನ್ನದೇ ಯಂತ್ರವೊಂದನ್ನು ಇಟ್ಟು ಅಳತೆ ತೆಗೆದಳು. ಅಷ್ಟು ಹೊತ್ತೂ ಮೇಸ್ತ್ರಿ ಇಂಗು ತಿಂದ ಮಂಗನಂತೆ ಅಜ್ಜಿಯ ಪಕ್ಕ ನಿಂತಿದ್ದ. ಕಲ್ಲು ಪೂರ್ತಿ ಸೀರೆಯಡಿ ಮುಚ್ಚಿಹೋಗಿತ್ತು. ಬಿಳಿ ಗುರುತಿನ ಒಂದು ತುದಿಯೂ ಕಾಣುತ್ತಿರಲಿಲ್ಲ.

"ಮೇಸ್ತ್ರಿಗಳೇ" ಎಂದಳು ಇಂಜಿನಿಯರಮ್ಮ, "ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಇನ್ನು ಮಾತಿಲ್ಲ, ಗೋಪುರ ನಿಮ್ದೇ."

ಬಾಮೈದ ಭಾವನ ಬೆನ್ನಿಗೆ ಮೊಣಕೈಯಿಂದ ತಿವಿದ. ಸಾಕು, ನಗಿ, ಕೈಮುಗಿಯಿರಿ ಎಂದು ಅದರರ್ಥ. ಮೇಸ್ತ್ರಿ ಮುಗಿಯಲು ಕೈ ಎತ್ತಿದ. ಅಷ್ಟರಲ್ಲಿ ಅಜ್ಜಿ ಯಾರಿಗೆಂದಿಲ್ಲದೆ ಹೇಳಿದಳು:

"ಒಳ್ಳೇದಾಯ್ತು ಬಿಡಿ. ಇನ್ನು ದಿನಾ ನಾನು ಆ ಕಂಬಕ್ಕೇ ಒರಗಿ ಕೂರ್ತೀನಿ."

ಎತ್ತಿದ ಕೈ ಅಲ್ಲೇ ನಿಂತಿತು. ಮೇಸ್ತ್ರಿಗೆ ಆ ಕಂಬ ಕಂಡಿತು, ಅದಕ್ಕೆ ಒರಗಿದ ಆ ಸಣ್ಣ ಬೆನ್ನು ಕಂಡಿತು, ಮೇಲಿನ ಚಪ್ಪಡಿಯ ತೂಕ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಅವನಿಗೆ ಭಯವಾಯಿತು, ನಾಚಿಕೆಗಿಂತ ದೊಡ್ಡ ಭಯ.

"ಗೋಪುರ ಬೇಡ ಮೇಡಂ" ಎಂದ. "ಮಂಟಪ ಮತ್ತೆ ಬಿಚ್ಚಬೇಕು. ಮೂಲೆಗಂಬದ್ದು ಒಂದು ಕಲ್ಲು ಉಳಿದಿದೆ. ಎಲ್ಲಿ ತಪ್ಪಿದೆ ಅಂತ ನನಗೆ ಗೊತ್ತಾಗ್ತಿಲ್ಲ. ಅದನ್ನ ನೀರಿಗೆ ಹಾಕೋಣ ಅಂತಾನೇ ಇಲ್ಲಿಗೆ ತಂದ್ವಿ. ಬಿಚ್ಚೋತನಕ ಯಾರನ್ನೂ ಅಲ್ಲಿ ಕೂರಿಸ್ಬೇಡಿ, ಈ ಅಜ್ಜೀನಂತೂ ಕೂರಿಸ್ಲೇಬೇಡಿ."

ಇಂಜಿನಿಯರಮ್ಮನ ನಗು ಆರಿತು. "ಯಾವ ಕಲ್ಲು?"

ಮೇಸ್ತ್ರಿ ಅಜ್ಜಿಯತ್ತ ಬೆರಳು ತೋರಿಸಿದ. ಅಜ್ಜಿ ಸೀರೆಯ ಅಂಚನ್ನು ಒಂದಿಷ್ಟು ಎತ್ತಿ, ಬಗ್ಗಿ, ತನ್ನ ಕೆಳಗಿನ ಬಿಳಿ ಅಕ್ಷರಗಳನ್ನು ನೋಡಿದಳು. ಅವಳ ಮುಖ ಕೆಂಪಾಯಿತು.

"ನನ್ನ ಕಲ್ಲನ್ನ ನೀರಿಗೆ ಹಾಕ್ತಿದ್ಯೇನೋ, ಮನೆಹಾಳ!"

"ನಿಮ್ಮ ಕಲ್ಲಾ?"

"ಮತ್ತೆ ನಿಂದಾ? ಇಷ್ಟು ದಿನ ನನ್ನ ಜಾಗ ಕೊಡು, ನನ್ನ ಜಾಗ ಕೊಡು ಅಂತ ಬಡ್ಕೊಂಡಿದ್ದು ಯಾವುದನ್ನ ಅಂದ್ಕೊಂಡೆ? ನಾನು ಈ ಮನೆಗೆ ಬಂದ ಹೊಸದ್ರಲ್ಲಿ ನಮ್ಮವರು ಹಿಂದಿನ ಪಾಳು ಜಗಲಿಯಿಂದ ಉರುಳಿಸ್ಕೊಂಡು ಬಂದು ಆ ಕಂಬದ ಬುಡಕ್ಕೆ ಇಟ್ಟ ಕಲ್ಲು ಇದು. ನಾನು ಕೂರೋಕೆ! ಇದಕ್ಕೂ ನಿನ್ನ ಮಂಟಪಕ್ಕೂ ಏನೋ ಸಂಬಂಧ?"

ಇಂಜಿನಿಯರಮ್ಮ ತನ್ನ ಫೋನು ತೆಗೆದು ಹಳೆಯ ಫೋಟೋಗಳನ್ನು ನೋಡಿದಳು. ಎಲ್ಲದರಲ್ಲೂ ಅಜ್ಜಿ ಕುರ್ಚಿಯಲ್ಲಿ ಕೂತ ಎತ್ತರಕ್ಕೆ ಕೂತಿದ್ದಾಳೆ, ಕುರ್ಚಿ ಮಾತ್ರ ಎಲ್ಲೂ ಇಲ್ಲ. ಆಕೆ ಬಾಯಿಗೆ ಕೈ ಅಡ್ಡ ಹಿಡಿದಳು, ಪ್ರಯೋಜನವಾಗಲಿಲ್ಲ. ನಕ್ಕೂ ನಕ್ಕೂ ಕಟಾಂಜನ ಹಿಡಿದುಕೊಂಡಳು.

"ಅಜ್ಜಿ ಊಟಕ್ಕೆ ಹೋಗಿದ್ದಾಗ ನಾನು ಗುರುತು ಹಾಕಿದ್ದು" ಎಂದ ಬಾಮೈದ, ಜ್ಞಾನೋದಯವಾದವನಂತೆ. "ಅಲ್ಲಿತ್ತು, ಹಾಕ್ದೆ. ಕಣ್ಣಿಗೆ ಬಿದ್ದ ಪ್ರತಿ ಕಲ್ಲಿಗೂ..."

ಈ ಸಲ ಮೇಸ್ತ್ರಿ ಅವನ ಬಾಯಿ ಮುಚ್ಚಿಸಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವರ ಕಥೆ ಕೇಳಿದ್ದ. ಆ ಕೂಸಿನ ಮೇಲೆ ಗುರುತು ಬರೆಸಿ, ಗೋಣಿಚೀಲ ಹೊದಿಸಿ, ಹೊಳೆಗೆ ಹಾಕಲು ಹೊರಟವನು ತಾನೊಬ್ಬನೇ ಇರಬೇಕು. ಅವನು ನೆಲದ ಮೇಲೆ ಕುಸಿದು ಕೂತ. ಕಣ್ಣಲ್ಲಿ ನೀರು ಬಂತು. ಮಂಟಪ ಗಟ್ಟಿಯಾಗಿತ್ತು, ಅಷ್ಟೇ ಸಾಕಾಗಿತ್ತು ಅವನಿಗೆ.

"ಗೋಪುರದ ಮಾತು?" ಎಂದು ಕೇಳಿದ್ದು ಬಾಮೈದ, ಅವನಿಗೆ ನಾಚಿಕೆ ಕಡಿಮೆ.

"ಒಂದು ಕಲ್ಲಿಗೋಸ್ಕರ ಗೋಪುರಾನೇ ಬೇಡ ಅಂದೋರಿಗೆ ಕೊಡದೆ ಇನ್ಯಾರಿಗೆ ಕೊಡ್ಲಿ?" ಎಂದಳು ಇಂಜಿನಿಯರಮ್ಮ, ಕಣ್ಣೊರೆಸಿಕೊಳ್ಳುತ್ತ. "ಆದ್ರೆ ಅಲ್ಲಿ ಗುರುತು ಹಾಕೋ ಮೊದಲು, ಮೇಲೆ ಯಾರಾದ್ರೂ ಕೂರ್ತಾರಾ ಅಂತ ಕೇಳಿ."

ಅಂದು ಸಾಯಂಕಾಲ ಅಜ್ಜಿ ಬೆರಳು ತೋರಿಸಿದ ಜಾಗದಲ್ಲಿ ಮೇಸ್ತ್ರಿ ತಾನೇ ಕಲ್ಲು ಕೂರಿಸಿದ. ಕೆಳಗೆ ಸಣ್ಣ ಚಕ್ಕೆಗಳನ್ನು ಕೊಟ್ಟು, ತಟ್ಟಿ, ಒತ್ತಿ, ಮೇಲೆ ರಸಮಟ್ಟ ಇಟ್ಟ. ಗುಳ್ಳೆ ನಟ್ಟನಡುವೆ ನಿಂತಿತು. ಅಜ್ಜಿ ಕೂತಳು. ಎಡಕ್ಕೆ ವಾಲಿ ನೋಡಿದಳು, ಬಲಕ್ಕೆ ವಾಲಿ ನೋಡಿದಳು.

"ಇದು ನನ್ನ ಕಲ್ಲಲ್ಲ" ಎಂದಳು.

ಮೇಸ್ತ್ರಿಯ ಜೀವ ಬಾಯಿಗೆ ಬಂತು. "ಅಜ್ಜಿ, ಇನ್ನು ಕಾಡ್ಬೇಡಿ."

"ನಂದು ಒಂಚೂರು ಅಲ್ಲಾಡ್ತಿತ್ತು."

"ಅಲ್ಲಾಡೋದೇ ತಪ್ಪು ಅಜ್ಜಿ. ಈಗ ಸರಿ ಮಾಡಿದ್ದೀನಿ."

ಅಜ್ಜಿ ನದಿಯ ಕಡೆ ನೋಡಿದಳು. "ನಮ್ಮವರು ದಿನಾ ಬೆಳಗಾಗೋ ಮೊದಲೇ ಅಗೋ, ಆ ಕೆಳಗಿನ ಮೆಟ್ಟಿಲಲ್ಲಿ ಸ್ನಾನಕ್ಕೆ ಇಳೀತಿದ್ರು. ಈಜು ಬರ್ತಿರ್ಲಿಲ್ಲ. ಹೇಳ್ಕೊಳ್ಳೋಕೆ ನಾಚಿಕೆ, ಮೇಲೆ ಜಂಭ ಬೇರೆ. ನಾನು ಇಲ್ಲಿ ಕಾವಲು ಕೂರ್ತಿದ್ದೆ. ಹೊಸದಾಗಿ ಮದುವೆ ಆದೋಳು, ನಿದ್ದೆಗಣ್ಣು. ತೂಕಡಿಸಿದ್ರೆ ಈ ಕಲ್ಲು ಅಲ್ಲಾಡಿ ಎಬ್ಬಿಸ್ತಿತ್ತು. ಅದಕ್ಕೇ ಅವರು ಅದರ ಬುಡಕ್ಕೆ ಏನೂ ಕೊಡ್ದೆ ಹಾಗೇ ಬಿಟ್ಟಿದ್ರು."

"ನಿಮಗೆ ಈಜು ಬರ್ತಿತ್ತಾ ಅಜ್ಜಿ?"

"ನನಗೆಲ್ಲಿ ಬರುತ್ತೆ? ಕೂಗೋಕೆ ಬರ್ತಿತ್ತಲ್ಲ." ನಕ್ಕಳು. ಆಮೇಲೆ ಕೆಳಗಿನ ಮೆಟ್ಟಿಲ ಕಡೆ ಕಣ್ಣು ಹಾಯಿಸಿದಳು. "ಕೊನೆಗೂ ಮನುಷ್ಯ ಹಾಸಿಗೇಲೇ ಹೋದ್ರು. ನದಿಗೆ ನಾನು ಕೊಡ್ಲಿಲ್ಲ. ಈಗ ಕಾಯೋಕೆ ಯಾರೂ ಇಲ್ಲ, ಆದ್ರೂ ಅಭ್ಯಾಸ. ಅದು ಅಲ್ಲಾಡಿದ್ರೆ, ಇನ್ನೂ ನೀರಲ್ಲೇ ಇದ್ದಾರೇನೋ ಅನ್ಸುತ್ತೆ."

ಮೇಸ್ತ್ರಿ ಅಜ್ಜಿಯ ಕೈಹಿಡಿದು ಎಬ್ಬಿಸಿದ. ಹಾರೆ ಕೊಟ್ಟು ಕಲ್ಲು ಎತ್ತಿ, ತಾನೇ ಇಟ್ಟ ಚಕ್ಕೆಗಳನ್ನು ಒಂದೊಂದಾಗಿ ಹೊರಗೆ ತೆಗೆದ. ಬುಡದ ಒಂದು ಮಗ್ಗುಲನ್ನು ಉಳಿಯಿಂದ ತುಸುವೇ ಕೆತ್ತಿದ. ಕೂರಿಸಿದ, ಕೈಯಿಟ್ಟು ಅಲ್ಲಾಡಿಸಿ ನೋಡಿದ, ಸಾಲದೆಂದು ಮತ್ತೆ ಎತ್ತಿ ಕೆತ್ತಿದ. ಜೀವಮಾನದಲ್ಲಿ ಯಾವ ಕಲ್ಲಿಗೂ ಅವನು ಇಷ್ಟು ಹೊತ್ತು ಕೊಟ್ಟಿರಲಿಲ್ಲ. ಕೊನೆಗೆ ಅಭ್ಯಾಸಬಲದಿಂದ ರಸಮಟ್ಟ ಇಟ್ಟ. ಗುಳ್ಳೆ ಜಾರಿ ಒಂದು ಪಕ್ಕಕ್ಕೆ ಹೋಗಿ ನಿಂತಿತು. ಅವನು ಅದನ್ನು ನೋಡಿ, ಹಾಗೇ ಎತ್ತಿ ಚೀಲಕ್ಕೆ ಹಾಕಿಕೊಂಡ.

ಅಜ್ಜಿ ಕೂತಳು. ಕಲ್ಲು ಟಕ್ ಎಂದು ಒಂದು ಸಲ ಅಲ್ಲಾಡಿತು.

"ಹೂಂ" ಎಂದು ಅವಳು ನದಿಯತ್ತ ತಿರುಗಿದಳು. "ಈಗ ಸರಿ ಇದೆ."